‘ಪುತ್ಲಿ ಸರ’ದ ಪುತ್ಲಿ: ಬೊಂಬೆಯೋ, ಚೊಕ್ಕ ಬಂಗಾರವೋ?

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಅಜ್ಜಿಗೆ ಅವರ ಅತ್ತೆಯಿಂದ ಬಂದ ಒಂದು ಸರವಿದೆ. ತೆಳ್ಳನೆಯ ಬಂಗಾರದ ನಾಣ್ಯಗಳಿಗೆ ಕೊಂಡಿ ಬೆಸೆದು ಕೆಂಪು ರೇಷ್ಮೆ ದಾರದಲ್ಲಿ ಪೋಣಿಸಿದ ಇದನ್ನು ಮನೆಯವರೆಲ್ಲ ‘ಪುತ್ಲಿ ಸರ’ ಎಂದೇ ಕರೆಯುತ್ತ ಬಂದಿದ್ದಾರೆ. ‘ಕಾಸಿನ ಸರ’ ಎಂದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಹಿಸೆಯಾದಾಗ ಕೆಲವು ನಾಣ್ಯಗಳು ಹೆಣ್ಣುಮಕ್ಕಳ ಪಾಲಿಗೆ ಹೋಗಿ, ಆ ಜಾಗದಲ್ಲಿ ಈಗ ಬಂಗಾರದ ಗುಂಡುಗಳಿವೆ. ‘ಪುತ್ಲಿ’ ಎಂಬ ಈ ಹೆಸರಿನ ಮೂಲದ ಬಗ್ಗೆ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ಪುತ್ತಳಿ ಅಥವಾ ಪುತ್ಥಳಿ ಎಂದರೆ ಕನ್ನಡದಲ್ಲಿ ಬೊಂಬೆ, ಪ್ರತಿಮೆ. ‘ಪುತ್ಥಳಿ ಬಂಗಾರ’ ಎಂದಾಗ ಮಾತ್ರ ಅದು ಅಪರಂಜಿ. ಮರಾಠಿಯಲ್ಲಿ ಪುತಳಿ ಎಂಬುದು ವೆನಿಸ್ಸಿನ ಬಂಗಾರದ ನಾಣ್ಯಕ್ಕೂ ಹೆಸರು.

ನಮ್ಮ ಸರದ ನಾಣ್ಯಗಳನ್ನು ಬೆಳಕಿಗೆ ಹಿಡಿದರೆ ಒಂದು ಮಗ್ಗುಲಲ್ಲಿ ನಿಂತವನೊಬ್ಬ, ಮೊಣಕಾಲೂರಿದವನೊಬ್ಬ, ಇಬ್ಬರ ನಡುವೆ ಬಾವುಟದ ಕೋಲು ಕಾಣುತ್ತದೆ. ಇನ್ನೊಂದು ಮಗ್ಗುಲಲ್ಲಿ ಚುಕ್ಕಿಗಳ ನಡುವೆ ನಿಂತ ಒಂದೇ ಆಕೃತಿ. ಅಜ್ಜಿ ಮೊದಲಿನ ಮಗ್ಗುಲಿನ ಇಬ್ಬರನ್ನು ರಾಮದೇವರು ಮತ್ತು ಹನುಮಂತ ಎನ್ನುತ್ತಿದ್ದರು. ನಿಜದಲ್ಲಿ ಅವರು ಸಂತ ಮಾರ್ಕ ಮತ್ತು ವೆನಿಸ್ಸಿನ ದೊರೆ, ಚುಕ್ಕಿಗಳ ನಡುವಿನವನು ಕ್ರಿಸ್ತ. 1284ರಿಂದ 1797ರವರೆಗೆ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ, ಸುಮಾರು ಮೂರೂವರೆ ಗ್ರಾಂ ತೂಕದಲ್ಲಿ, ಬೆರಕೆಯೇ ಇಲ್ಲವೆನ್ನುವಷ್ಟು ಚೊಕ್ಕ ಬಂಗಾರದಲ್ಲಿ ಟಂಕಿಸಿದ ಈ ನಾಣ್ಯ ಕಾಳುಮೆಣಸಿನ ವ್ಯಾಪಾರದೊಂದಿಗೆ ನಮ್ಮ ಪಡುಗಡಲಿನ ಬಂದರುಗಳಿಗೆ ಬಂದಿತು. ಇಲ್ಲಿನ ಅಕ್ಕಸಾಲಿಗರು ಅದನ್ನು ನೋಡಿ ಆಭರಣಕ್ಕಾಗಿಯೇ ನಕಲು ಅಚ್ಚು ಕೂಡ ಮಾಡಿದರು. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರೀ ಗೀಟುಗಳಾಗಿಬಿಡುತ್ತವೆ. ನಮ್ಮ ಸರದಲ್ಲಿಯೂ ಅಂಥವು ಎರಡಿವೆ.

ನನ್ನ ಊಹೆ ಹೀಗಿದೆ. ನಾಣ್ಯದ ಮೇಲಿನ ಮನುಷ್ಯಾಕೃತಿಗಳಿಂದ, ಅಂದರೆ ಬೊಂಬೆಗಳಿಂದ, ನಾಣ್ಯಕ್ಕೆ ‘ಪುತ್ತಳಿ’ ಎಂಬ ಹೆಸರು ಬಂದಿರಬೇಕು. ಆ ನಾಣ್ಯದ ಬಂಗಾರ ಚೊಕ್ಕವೆಂದು ಹೆಸರಾದದ್ದರಿಂದ ‘ಪುತ್ಥಳಿ ಬಂಗಾರ’ ಎಂಬ ಮಾತು ಆಮೇಲೆ ಹುಟ್ಟಿರಬೇಕು. ಲಕ್ಷ್ಮಿಯ ಅಚ್ಚೊತ್ತಿದ ಈಚಿನ ಬಿಲ್ಲೆಗಳ ಸರವನ್ನೂ, ಅದರ ಬಂಗಾರ ಎಷ್ಟೇ ಕಡಿಮೆ ಮಟ್ಟದ್ದಾಗಿದ್ದರೂ, ಪುತಳಿ ಹಾರವೆಂದೇ ಮಾರುವುದು ಈ ಊಹೆಗೆ ಬಲ ಕೊಡುತ್ತದೆ, ಏಕೆಂದರೆ ಹೆಸರು ಚೊಕ್ಕತನಕ್ಕೆ ಅಂಟಿಕೊಂಡಿದ್ದರೆ ಅಲ್ಲಿ ಅದು ಸಲ್ಲುತ್ತಿರಲಿಲ್ಲ. ಆದರೆ ವೆನಿಸ್ಸಿನ ನಾಣ್ಯ ಹುಟ್ಟುವುದಕ್ಕೆ ಮೊದಲಿನ ಕಾವ್ಯದಲ್ಲೋ ಶಾಸನದಲ್ಲೋ ಚೊಕ್ಕ ಬಂಗಾರ ಎಂಬ ಅರ್ಥದಲ್ಲಿ ‘ಪುತ್ತಳಿ’ ಸಿಕ್ಕರೆ ಈ ಊಹೆಯನ್ನು ಕೈಬಿಡಬೇಕಾಗುತ್ತದೆ.

ಹಳಗನ್ನಡದಲ್ಲಿ ಅಂಥ ಪ್ರಯೋಗವನ್ನು ಕಂಡವರು ದಯವಿಟ್ಟು ತಿಳಿಸಬೇಕು. ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯ ಮನೆಗಳಲ್ಲಿ ಈ ಸರಕ್ಕೆ ಏನೆನ್ನುತ್ತಾರೆ, ಅಲ್ಲಿನ ಹಿರಿಯರು ‘ಪುತ್ಲಿ’ ಎಂದರೆ ಒಂದು ನಾಣ್ಯ ಎನ್ನುತ್ತಾರೋ ಅಥವಾ ಇಡೀ ಸರ ಎನ್ನುತ್ತಾರೋ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.