ನೀರಿನೊಳಗೆ ಸಂಭೋಗ: ಕಾಂಡೋಮ್ ನಿಲ್ಲುತ್ತದಾ? ಆಮೇಲೆ ಉರಿ ಯಾಕೆ?

ನೀಲಿಗೆರೆ ಕೇಳಿದ್ದು:

ಬಾತ್‌ಟಬ್ಬಿನಲ್ಲಿ, ಶವರ್ ಕೆಳಗೆ, ಸಾಧ್ಯವಾದರೆ ಖಾಸಗಿ ಈಜುಕೊಳದಲ್ಲಿ. ನಮ್ಮಿಬ್ಬರ ಯೋಚನೆ ಇದು. ಗರ್ಭನಿರೋಧಕ್ಕೆ ಕಾಂಡೋಮ್ ಬಿಟ್ಟು ಬೇರೇನೂ ಬಳಸುವುದಿಲ್ಲ. ನೀರಿನಲ್ಲಿ ಕಾಂಡೋಮನ್ನು ನಂಬಬಹುದಾ? ಸುತ್ತಲೂ ನೀರಿದ್ದೂ ಒಳಗೆ ಒಣಗಿದ ಹಾಗಾಗಿ ಉರಿಯುತ್ತದೆ ಅನ್ನುತ್ತಾರೆ, ಯಾಕೆ? ಕ್ಲೋರಿನ್ ನೀರಲ್ಲಿ ವೀರ್ಯಾಣು ಸಾಯುತ್ತದೆ ಅನ್ನುವ ಮಾತಿನಲ್ಲಿ ಹುರುಳಿದೆಯಾ?

ಗುಳಿಗೆಡಬ್ಬಿ ಉತ್ತರ:

ಉರಿಯಿಂದ ಶುರು ಮಾಡೋಣ, ಉಳಿದ ತೊಂದರೆಗಳ ಬೇರೂ ಅಲ್ಲೇ ಇದೆ. ಯೋನಿಯಲ್ಲಿ ಒಸರುವ ದ್ರವ ಲೋಳೆಲೋಳೆಯಾಗಿರುವುದರಿಂದಲೇ ಜಾರುತ್ತದೆ. ನೀರು ಆ ಲೋಳೆಯನ್ನು ತೊಳೆದುಬಿಡುತ್ತದೆ. ನೀರಿಗೇ ಜಾರಿಸುವ ಗುಣ ಇಲ್ಲ. ಉಜ್ಜಾಟ ಹೆಚ್ಚಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಾಗುತ್ತವೆ. ಉರಿ ಅದರದ್ದೇ. ಸೋಂಕು ಒಳಹೊಗುವುದೂ ಆ ಗೀರುಗಳ ಮೂಲಕವೇ, ಕಾಂಡೋಮ್ ಹರಿಯುವುದೂ ಅದೇ ಉಜ್ಜಾಟದಿಂದ.

ಹಾಗಾಗಿ ಲೂಬ್ರಿಕೆಂಟ್ ಬೇಕೇ ಬೇಕು, ಅದೂ ಸಿಲಿಕೋನ್ ಜಾತಿಯದು. ನೀರು ಆಧಾರಿತ ಜೆಲ್ ಟಬ್ಬಿಗೆ ಇಳಿಯುತ್ತಿದ್ದಂತೆ ಕರಗಿ ಹೋಗುತ್ತದೆ. ಬಾಟಲಿಯ ಹಿಂದೆ ಡೈಮೆಥಿಕೋನ್ ಅಂತ ಇದ್ದರೆ ಅದು ಸಿಲಿಕೋನ್. ನೀರಿಗೆ ಇಳಿಯುವ ಮೊದಲೇ ಒಂದು ಟೀ ಚಮಚದಷ್ಟು ತೆಗೆದುಕೊಂಡು ಯೋನಿಯ ಬಾಯಿಗೂ ಸ್ವಲ್ಪ ಒಳಕ್ಕೂ, ಕಾಂಡೋಮಿನ ಹೊರಮೈಗೂ ಹಚ್ಚಿ. ಕಾಂಡೋಮಿನ ಒಳಗೆ ಸುರಿಯಬೇಡಿ, ಕಳಚಿಕೊಳ್ಳುತ್ತದೆ. ಸಿಲಿಕೋನಿನಿಂದ ಮಾಡಿದ ಆಟಿಕೆಗಳಿಗೂ ಇದನ್ನು ಹಚ್ಚಬಾರದು, ಆಟಿಕೆಯ ಮೈ ಹಾಳಾಗುತ್ತದೆ.

ಇನ್ನು ಕಾಂಡೋಮ್. ಕಾರ್ಖಾನೆಯಲ್ಲಿ ಅದನ್ನು ಪರೀಕ್ಷಿಸುವುದು ನೀರೊಳಗಿನ ಬಳಕೆಗೆ ಅಲ್ಲ. ನೀರಲ್ಲಿ ನಿಂತು ಹಾಕಿಕೊಂಡರೆ ಒಳಗೆ ನೀರು ಸಿಕ್ಕಿಬೀಳುತ್ತದೆ, ಕಾಂಡೋಮ್ ಚರ್ಮಕ್ಕೆ ಕೂರುವುದಿಲ್ಲ. ಹೊರಗೆ, ಒಣ ಶಿಶ್ನಕ್ಕೆ, ಪೂರ್ತಿ ನಿಮಿರಿದ ಮೇಲೆ ಹಾಕಿ. ತುದಿಯನ್ನು ಎರಡು ಬೆರಳಲ್ಲಿ ಹಿಸುಕಿ ಗಾಳಿ ತೆಗೆದು, ಬುಡದವರೆಗೂ ಸುರುಳಿ ಬಿಚ್ಚಿ. ಆಮೇಲೆ ನೀರಿಗೆ. ಭಂಗಿ ಬದಲಿಸಿದಾಗಲೆಲ್ಲ ಬುಡದ ಉಂಗುರವನ್ನು ಬೆರಳಿಂದ ಮುಟ್ಟಿ ನೋಡಿ: ಮೇಲಕ್ಕೆ ಸರಿದಿದ್ದರೆ, ಕೆಳಗೆ ಪುಗ್ಗೆಯಂತೆ ನೀರು ತುಂಬಿದ್ದರೆ, ನಿಲ್ಲಿಸಿ ಹೊಸದು ಹಾಕಿ. ತಣ್ಣೀರಲ್ಲಿ ನಿಮಿರುವಿಕೆ ಬೇಗ ಇಳಿಯುತ್ತದೆ, ಆಗಲೇ ಕಳಚುವುದು. ಸ್ಖಲನವಾದ ಕೂಡಲೇ ಉಂಗುರ ಹಿಡಿದುಕೊಂಡೇ ಹೊರಬನ್ನಿ.

ನನ್ನನ್ನು ಕೇಳಿದರೆ, ಮುದ್ದಾಟವೆಲ್ಲ ನೀರಲ್ಲಿ, ಸಂಭೋಗ ನೀರಿನ ಹೊರಗೆ. ಬರೀ ಕಾಂಡೋಮ್ ನಂಬಿದವರಿಗಂತೂ ಇದೇ ಸರಿ.

ನೀಲಿಗೆರೆ: ಸಿಲಿಕೋನ್ ಬದಲು ಬೇಬಿ ಆಯಿಲ್ ಆಗುತ್ತದಾ? ಅದೂ ನೀರಲ್ಲಿ ಕರಗುವುದಿಲ್ಲವಲ್ಲ.

ಗುಳಿಗೆಡಬ್ಬಿ: ಲ್ಯಾಟೆಕ್ಸ್ (ರಬ್ಬರ್) ಕಾಂಡೋಮಿದ್ದರೆ ಖಂಡಿತ ಬೇಡ. ಬೇಬಿ ಆಯಿಲ್, ವ್ಯಾಸಲೀನ್, ಅಡುಗೆ ಎಣ್ಣೆ ಯಾವುದಾದರೂ ಲ್ಯಾಟೆಕ್ಸನ್ನು ನಿಮಿಷಗಳಲ್ಲೇ ದುರ್ಬಲ ಮಾಡುತ್ತದೆ. ಮೈಗೆ ಹಚ್ಚಿಕೊಂಡ ಸನ್‌ಸ್ಕ್ರೀನಿನಲ್ಲೂ ಎಣ್ಣೆ ಇರುತ್ತದೆ, ಕೈ ತೊಳೆದೇ ಕಾಂಡೋಮ್ ಮುಟ್ಟಿ. ಸೋಪು, ಶಾಂಪೂ ಕೂಡ ಲೂಬ್ರಿಕೆಂಟ್ ಅಲ್ಲ. ಒಳಗೆ ಹೋದರೆ ಉರಿ ಇನ್ನೂ ಜಾಸ್ತಿ.

ಒದ್ದೆಕಾಲು ಉತ್ತರ:

ಶವರ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಮೊದಲ ಅಪಾಯ ಬೀಳುವುದು. ಮೇಲೆ ಹೇಳಿದ ಸಿಲಿಕೋನಿನ ನಾಲ್ಕು ಹನಿ ಟೈಲ್ಸ್ ಮೇಲೆ ಬಿದ್ದರೆ ಸಾಕು, ನೀರು ಸುರಿದರೂ ಹೋಗುವುದಿಲ್ಲ. ರಬ್ಬರ್ ಮ್ಯಾಟ್ ಹಾಸಿ. ಹಿಡಿದುಕೊಳ್ಳಲು ಗೋಡೆಗೆ ಸ್ಕ್ರೂ ಹಾಕಿ ಬಿಗಿದ ಕಂಬಿ ಬೇಕು. ಗಾಳಿ ಕಚ್ಚಿ ನಿಲ್ಲುವ ರಬ್ಬರ್ ಬಟ್ಟಲಿನ ಹಿಡಿಕೆ, ಟವೆಲ್ ರಾಡ್, ನಲ್ಲಿ ಇವು ಯಾವುವೂ ಒಬ್ಬರ ಭಾರ ತಡೆಯಲು ಮಾಡಿದ್ದಲ್ಲ. ಎತ್ತಿಕೊಂಡು ನಿಲ್ಲುವ ಸಾಹಸ ಬೇಡ. ಇಬ್ಬರ ನಾಲ್ಕೂ ಪಾದ ನೆಲದ ಮೇಲಿರಲಿ, ಅಥವಾ ಒಬ್ಬರು ಗಟ್ಟಿ ಸ್ಟೂಲಿನ ಮೇಲೆ ಕೂರಲಿ.

ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್ ಇದ್ದರೆ ಈ ಯೋಚನೆಯನ್ನೇ ಬಿಡಿ. ಬಾಗಿಲು ಕಿಟಕಿ ಮುಚ್ಚಿ ಹೊತ್ತುಗಟ್ಟಲೆ ಬಿಸಿನೀರು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ; ತಲೆ ಸುತ್ತಿತು ಅನ್ನುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ.

ಟಬ್ಬಿನ ನೀರು 40 ಡಿಗ್ರಿ ಸೆಲ್ಸಿಯಸ್ ದಾಟಬಾರದು, 15 ನಿಮಿಷಕ್ಕಿಂತ ಹೆಚ್ಚು ಬೇಡ. ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ, ದಿಢೀರನೆ ಎದ್ದರೆ ಕಣ್ಣು ಕತ್ತಲೆ. ಕುಡಿದಿದ್ದರೆ ನೀರಿಗೇ ಇಳಿಯಬೇಡಿ. ಗರ್ಭಿಣಿಯರು ಹಾಟ್ ಟಬ್ (ಬಿಸಿನೀರು ಚಿಮ್ಮಿಸುವ ದೊಡ್ಡ ತೊಟ್ಟಿ) ಬಿಡುವುದೇ ಒಳ್ಳೆಯದು, ಮೊದಲ ಮೂರು ತಿಂಗಳಲ್ಲಂತೂ. ಹಾಟ್ ಟಬ್ಬಿನ ಜೆಟ್ಟನ್ನು ಯೋನಿಯೊಳಗೆ ನೇರ ಹಾಯಿಸಬಾರದು, ಆ ಒತ್ತಡಕ್ಕೆ ಒಳಗೆ ಹರಿದು ರಕ್ತಸ್ರಾವವಾಗುತ್ತದೆ. ನೀರು ಹೀರುವ ಜಾಲರಿಯಿಂದ ಕೂದಲು ದೂರ ಇರಲಿ. ಕೊಳದಲ್ಲಾದರೆ ಸೊಂಟದಿಂದ ಎದೆಯವರೆಗಿನ ಆಳ ಸಾಕು. ಉಸಿರು ಕಟ್ಟಿ ಮುಳುಗಿ ಮುಖಮೈಥುನ ಮಾಡಬೇಡಿ.

ಮೂರನೇಮಹಡಿ ಉತ್ತರ:

ಕ್ಲೋರಿನ್ ಗರ್ಭನಿರೋಧಕ ಅಲ್ಲ. ವೀರ್ಯ ಬೀಳುವುದು ಯೋನಿಯ ಒಳಗೆ, ಕೊಳದ ನೀರು ಅದನ್ನು ತೊಳೆಯುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಕೊಳದ ನೀರಿಗೆ ಬಿದ್ದ ವೀರ್ಯದಿಂದ ಪಕ್ಕದಲ್ಲಿದ್ದವರು ಗರ್ಭಿಣಿಯಾಗುತ್ತಾರೆ ಅನ್ನುವುದೂ ಅಷ್ಟೇ ಸುಳ್ಳು.

ನೀರು ಸ್ವಚ್ಛವಾಗಿದೆಯಾ ಅಂತ ಪರೀಕ್ಷಾ ಪಟ್ಟಿ ಅದ್ದಿ ನೋಡಿ: ಕೊಳದಲ್ಲಿ ಕ್ಲೋರಿನ್ ಕನಿಷ್ಠ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಭಾಗ), ಹಾಟ್ ಟಬ್ಬಿನಲ್ಲಿ 3. ಬಿಸಿಗೆ ಕ್ಲೋರಿನ್ ಬೇಗ ಕಡಿಮೆಯಾಗುವುದರಿಂದ ಹಾಟ್ ಟಬ್ಬಿನಲ್ಲೇ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಬೆಳೆದು ಮೈಮೇಲೆ ತುರಿಸುವ ಕೆಂಪು ಗುಳ್ಳೆ ಏಳುವುದು. ಕೆರೆ, ಹೊಳೆ, ಸಮುದ್ರ ಬೇಡ. ಮರಳಿನ ಕಣ ಚರ್ಮಕ್ಕೂ ಕಾಂಡೋಮಿಗೂ ಒಂದೇ ರೀತಿ ಗೀರುತ್ತದೆ.

ಮುಗಿದ ಮೇಲೆ ಮೂತ್ರ ಮಾಡಿ, ಹೊರಭಾಗವನ್ನು ಬರೀ ನೀರಿನಿಂದ ತೊಳೆಯಿರಿ. ಒಳಗೆ ನೀರು ಹಾಯಿಸಿ ತೊಳೆಯಬೇಡಿ. ಎರಡು ದಿನವಾದರೂ ಉರಿಮೂತ್ರ ಹೋಗದಿದ್ದರೆ, ಜ್ವರ, ಸೊಂಟನೋವು ಬಂದರೆ ವೈದ್ಯರಲ್ಲಿಗೆ ಹೋಗಿ.

ಕಾಂಡೋಮ್ ಒಳಗೇ ಉಳಿದರೆ ಕುಕ್ಕರಗಾಲಲ್ಲಿ ಕೂತು ಎರಡು ಬೆರಳಲ್ಲಿ ಎಳೆದುಕೊಳ್ಳಬಹುದು. ಆಮೇಲೆ ತಡ ಮಾಡಬೇಡಿ: ಗರ್ಭ ತಡೆಯುವ ತುರ್ತು ಮಾತ್ರೆ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಒಂದು, 72 ಗಂಟೆಯೊಳಗೆ, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಕಾಪರ್-ಟಿ ಹಾಕಿಸಿಕೊಳ್ಳಲು 5 ದಿನದ ಅವಕಾಶ ಇದೆ, ಮಾತ್ರೆಗಿಂತ ಅದು ಹೆಚ್ಚು ಖಾತ್ರಿ. ಎಚ್‌ಐವಿ ಭಯವಿದ್ದರೆ ಅದರ ಔಷಧಿಯನ್ನೂ 72 ಗಂಟೆಯೊಳಗೇ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು.

ಒದ್ದೆಕಾಲು: ಟಬ್ಬನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಿಸಿನೀರಲ್ಲಿ ಉಜ್ಜಿ ತೊಳೆಯಿರಿ. ಸಿಲಿಕೋನ್ ಕಾಣುವುದಿಲ್ಲ, ಮರುದಿನ ಸ್ನಾನಕ್ಕೆ ಇಳಿದವರು ಜಾರುತ್ತಾರೆ.