ಹಳೆಯ ಫೈಬರ್ ದೋಣಿಯ ಕೊಳೆತ ಮರವನ್ನು ಮತ್ತೆ ಕಟ್ಟುವುದು ಹೇಗೆ?

ಪ್ರಶ್ನೆ (ಬಾಗಲಕೋಟೆ):
ಆಲಮಟ್ಟಿ ಹಿನ್ನೀರಿನಲ್ಲಿ ಓಡಿಸುತ್ತಿದ್ದ ನಮ್ಮ ಫೈಬರ್ ದೋಣಿಯ ಹೊರಮೈ ಗಟ್ಟಿಯಾಗಿದ್ದರೂ, ತಳದ ಉದ್ದಪಟ್ಟಿಗಳೂ ಮೋಟಾರು ಕೂರಿಸುವ ಹಿಂಬದಿಯ ಹಲಗೆಯೂ ಒಳಗೊಳಗೇ ಕೊಳೆತಿವೆ. ಎಲ್ಲವನ್ನೂ ಕಿತ್ತುಹಾಕಬೇಕೇ? ಯಾವ ರೆಸಿನ್ (ಕಲಸಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಬಳಸಬೇಕು? ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ (ವಿಜಯಪುರ):
ಸರ್, ಮೊದಲು ಸಣ್ಣ ಸುತ್ತಿಗೆಯಿಂದ ಎಲ್ಲೆಡೆ ತಟ್ಟಿ ನೋಡಿರಿ. ಮಂದ ಸದ್ದು ಬಂದಲ್ಲಿ ಮರ ಕೊಳೆತಿರುವ ಸಂಭವ ಹೆಚ್ಚು, ಅದನ್ನು ಒಣ ಮರ ಸಿಗುವವರೆಗೂ ತೆಗೆಯಬೇಕು. ಆದರೆ ಮರ ಕತ್ತರಿಸುವ ಮುನ್ನ ತಳದುದ್ದಕ್ಕೂ ಆಸರೆ ಕೊಡದಿದ್ದರೆ ದೋಣಿಯ ಆಕಾರ ಸೊಟ್ಟಗಾಗಿ, ಹೊಸ ಪಟ್ಟಿಗಳನ್ನು ಕೂಡಿಸಿದ ಮೇಲೆ ಆ ಸೊಟ್ಟು ಹಾಗೆಯೇ ಉಳಿದುಬಿಡುತ್ತದೆ. ಇದರಲ್ಲಿ ಅವಸರ ಬೇಡವೇ ಬೇಡ. ಹಿಂಬದಿಯ ಹಲಗೆಗೆ ಐಎಸ್ 710 (ಭಾರತೀಯ ಮಾನಕ) ಗುರುತಿನ ಮರೈನ್ ಪ್ಲೈವುಡ್, ಅಂದರೆ ನೀರು ತಾಳುವ ಪ್ಲೈವುಡ್ ತನ್ನಿರಿ.

ಉತ್ತರ (ಬೆಳಗಾವಿ):
ಹಳೆಯ ಫೈಬರ್ ಮೇಲೆ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿ ರೆಸಿನ್ ಬಲವಾಗಿ ಹಿಡಿಯುತ್ತದೆ, ಬೆಲೆ ಹೆಚ್ಚಾದರೂ ಅದೇ ಯೋಗ್ಯವೆಂದು ನನ್ನ ಅಭಿಪ್ರಾಯ. ಅದರೊಂದಿಗೆ ನೇಯ್ದ ಗಾಜಿನ ಬಟ್ಟೆಯನ್ನೇ ಬಳಸಿರಿ. ನಮ್ಮ ಕಡೆಯ ಬೇಸಿಗೆಯಲ್ಲಿ ರೆಸಿನ್ ಬೇಗನೆ ಗಟ್ಟಿಯಾಗುವುದರಿಂದ, ಬೆಳಗಿನ ತಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳುವುದು ಒಳ್ಳೆಯದು. ಫೈಬರ್ ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲೇಬೇಕು.

ಉತ್ತರ (ವಿಜಯಪುರ):
ಇನ್ನೊಂದು ಮಾತು, ಸರ್. ನೀರು ಸಾಮಾನ್ಯವಾಗಿ ಒಳಹೊಗುವುದು ಸ್ಕ್ರೂ ಮತ್ತು ಬೋಲ್ಟ್ ರಂಧ್ರಗಳಿಂದ. ಪ್ರತಿ ರಂಧ್ರವನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯಿರಿ.