ಕುಂಬಳೆಗೆ ತಾಲೂಕು ಮಂಜೇಶ್ವರ, ಬ್ಲಾಕ್ ಕಾಸರಗೋಡು: ಯಾಕೆ ಹೀಗೆ?

ಪ್ರಶ್ನೆ (ಕುಂಬಳೆ)
ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪಂಚಾಯತಿನಲ್ಲಿ. ತಾಲೂಕು ಮಂಜೇಶ್ವರ, ಅದರ ಆಫೀಸು ಉಪ್ಪಳದಲ್ಲಿ. ಬ್ಲಾಕ್ ಮಾತ್ರ ಕಾಸರಗೋಡು. ಓಟು ಹಾಕುವುದು ಮತ್ತೆ ಮಂಜೇಶ್ವರ ವಿಧಾನಸಭಾ ಕ್ಷೇತ್ರಕ್ಕೆ. ತಂಗಿಯ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕೂತರೆ ಒಂದೊಂದಕ್ಕೂ ಬೇರೆ ಕಲಂ. ಒಂದೇ ಊರನ್ನು ಇಷ್ಟು ಥರ ಯಾಕೆ ಹಂಚಿದ್ದಾರೆ?

ಉತ್ತರ (ಪೈವಳಿಕೆ)
ನಮಗೆ ಮೂರೂ ಮಂಜೇಶ್ವರವೇ, ತಲೆಬಿಸಿ ಇಲ್ಲ. ನೀವು ವಿಲೇಜ್ (ಕಂದಾಯ ಗ್ರಾಮ) ಹೆಸರನ್ನು ತೀರ್ವೆ, ಅಂದರೆ ಭೂಕಂದಾಯದ ರಶೀದಿ ನೋಡಿಯೇ ಬರೆಯಿರಿ. ನಿಮ್ಮ ಪಂಚಾಯತಿನೊಳಗೇ ಆರಿಕ್ಕಾಡಿ, ಕೊಯಿಪ್ಪಾಡಿ, ಬಂಬ್ರಾಣ ಅಂತ ಬೇರೆ ಬೇರೆ ವಿಲೇಜ್ ಇವೆ.

ಉತ್ತರ (ಕಾಸರಗೋಡು, ನಿವೃತ್ತ ರೆವೆನ್ಯೂ ನೌಕರ)
ತಮ್ಮಾ, ಇಲ್ಲಿ ಎರಡು ದಾರಿ ಇವೆ. ಒಂದು ಭೂಮಿಯದ್ದು: ಕಲೆಕ್ಟರ್, ಆರ್‌ಡಿಒ (ಕಂದಾಯ ಉಪವಿಭಾಗದ ಅಧಿಕಾರಿ), ತಹಶೀಲ್ದಾರ್, ಕೊನೆಗೆ ವಿಲೇಜ್ ಆಫೀಸರ್. ಜಾಗದ ತೀರ್ವೆ, ಆದಾಯ ಸರ್ಟಿಫಿಕೇಟ್ ಎಲ್ಲ ಈ ದಾರಿಯಲ್ಲಿ. ಇನ್ನೊಂದು ಜನ ಆರಿಸಿದವರದ್ದು: ಜಿಲ್ಲಾ ಪಂಚಾಯತು, ಬ್ಲಾಕ್, ಗ್ರಾಮ ಪಂಚಾಯತು. ಮನೆ ತೆರಿಗೆ, ಜನನ ನೋಂದಣಿ ಅಲ್ಲಿ. ಓಟಿನ ಗಡಿಯನ್ನು ಹಾಕುವುದು ಕ್ಷೇತ್ರ ಪುನರ್ವಿಂಗಡಣೆ ಆಯೋಗ. ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಕಣ್ಣೂರು ಜಿಲ್ಲೆಯ ಪಯ್ಯನ್ನೂರು, ಕಲ್ಯಾಶ್ಶೇರಿಯೂ ಸೇರಿವೆ, ಅದು ಇದೇ ಕಾರಣಕ್ಕೆ.

ಕುಂಬಳೆಯ ವಿಷಯ ಹೇಳುವುದಾದರೆ, ಮೊದಲು ಮಂಜೇಶ್ವರವೂ ಕಾಸರಗೋಡು ತಾಲೂಕಿನೊಳಗೇ ಇತ್ತು. ಬ್ಲಾಕುಗಳು ಆಗಲೇ ಆಗಿದ್ದವು. ಹತ್ತು ಹನ್ನೆರಡು ವರ್ಷದ ಹಿಂದೆ ಮಂಜೇಶ್ವರ ಬೇರೆ ತಾಲೂಕಾದಾಗ ಕುಂಬಳೆಯ ವಿಲೇಜುಗಳು ಅತ್ತ ಹೋದವು, ಬ್ಲಾಕ್ ಇದ್ದಲ್ಲೇ ಉಳಿಯಿತು. ಹೊಸ ತಾಲೂಕು ಬಂದದ್ದು ಬಹಳ ಒಳ್ಳೆಯದಾಯಿತು. ಬಾಯಾರು, ವರ್ಕಾಡಿ ಕಡೆಯ ವಯಸ್ಸಾದವರು ಒಂದು ಸಹಿಗೆ ಕಾಸರಗೋಡಿನ ತನಕ ಬಸ್ಸಲ್ಲಿ ಬಂದು, ಸಾಹೇಬರಿಲ್ಲ ನಾಳೆ ಬನ್ನಿ ಅಂತ ಕೇಳಿ ವಾಪಸ್ ಹೋಗುವುದನ್ನು ಕೌಂಟರಿನ ಈಚೆ ಕೂತು ನೋಡಿದವ ನಾನು. ಆಫೀಸು ಹತ್ತಿರ ಬರುವುದಕ್ಕಿಂತ ದೊಡ್ಡ ಉಪಕಾರ ಬಡವರಿಗೆ ಬೇರೆ ಇಲ್ಲ.

ಪ್ರಶ್ನೆ ಕೇಳಿದವರು
ಈಗ ಅರ್ಥ ಆಯ್ತು ಅಣ್ಣ. ಈ ಗಡಿಗಳನ್ನು ಬದಲಿಸುವುದು ಯಾರ ಕೈಯಲ್ಲಿದೆ?

ಉತ್ತರ (ನಿವೃತ್ತ ರೆವೆನ್ಯೂ ನೌಕರ)
ತಾಲೂಕು, ಜಿಲ್ಲೆ ಮಾಡುವುದು ರಾಜ್ಯ ಸರಕಾರ. ರಾಜ್ಯದ ಗಡಿ ಬದಲಿಸಲು ಸಂಸತ್ತೇ ಆಗಬೇಕು, ಸಂವಿಧಾನದ 3ನೇ ವಿಧಿ. ನಮ್ಮ ಊರು ಎರಡನ್ನೂ ಕಂಡಿದೆ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಕೇರಳಕ್ಕೆ ಸೇರಿದ ಮೇಲೆ ಮಲಬಾರ್ ಜಿಲ್ಲೆ, 1957ರಲ್ಲಿ ಕಣ್ಣೂರು ಜಿಲ್ಲೆ. 1984ರ ಮೇ 24ಕ್ಕೆ ಕಾಸರಗೋಡೇ ಜಿಲ್ಲೆಯಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲೇ ಶಿಫಾರಸು ಮಾಡಿತ್ತು, ಜಾರಿಯಾಗಲಿಲ್ಲ. ಆ ನೋವು ನನಗೆ ಈಗಲೂ ಇದೆ.

ಅರ್ಜಿಯ ವಿಷಯ: ಬ್ಲಾಕ್ ಕಾಸರಗೋಡು ಅಂತಲೇ ಬರೆಯಿರಿ, ತಾಲೂಕಿನ ಹೆಸರು ಅಲ್ಲಿ ಹಾಕಬೇಡಿ. ಆಫೀಸಿಗೆ ಪತ್ರ ಬರೆಯುವುದಿದ್ದರೆ ಧೈರ್ಯವಾಗಿ ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಉತ್ತರವೂ ಕನ್ನಡದಲ್ಲೇ ಬರಬೇಕು.